ಬಾಗಿಲಿನ ಒಳಮೈ: ಕಾರು ಆಡಿಯೊ ಕುಶಲಕರ್ಮಿಗಳಿಗೆ ಒಂದು ಬಹಿರಂಗ ಪತ್ರ



ಕಾರಿನ ಬಾಗಿಲಿನಿಂದ ಬರುವ ಸಂಗೀತದಲ್ಲಿ ಸ್ಪೀಕರಿನ ಪಾಲು ದೊಡ್ಡದು. ಅದನ್ನು ಹೊತ್ತ ಪ್ಯಾನೆಲ್‌ನ ಪಾಲು ಅದಕ್ಕಿಂತ ಕಡಿಮೆಯದಲ್ಲ. ಸ್ಪೀಕರಿನ ಕೋನ್ ಮುಂದಕ್ಕೆ ಸರಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಬೆನ್ನ ಹಿಂದಿನ ಗಾಳಿ ಅದೇ ಗಳಿಗೆಯಲ್ಲಿ ಸಡಿಲವಾಗುತ್ತದೆ. ಹೀಗೆ ಹುಟ್ಟುವ ಎರಡು ಅಲೆಗಳು ಒಂದಕ್ಕೊಂದು ತದ್ವಿರುದ್ಧ. 100 ಹರ್ಟ್ಸ್ ಸ್ವರದ ಅಲೆಯ ಉದ್ದ ಸುಮಾರು 3.4 ಮೀಟರ್. ಅಷ್ಟುದ್ದದ ಅಲೆ ಸಣ್ಣ ಅಡೆತಡೆಗಳನ್ನು ಲೆಕ್ಕಕ್ಕಿಟ್ಟುಕೊಳ್ಳುವುದಿಲ್ಲ. ಸಂದು ಸಿಕ್ಕಿದರೆ ಸಾಕು, ಹಿಂದಿನ ಅಲೆ ಸುತ್ತಿಕೊಂಡು ಬಂದು ಮುಂದಿನದನ್ನು ಅಳಿಸಿಹಾಕುತ್ತದೆ. ಮೃದಂಗದ ತೊಪ್ಪಿ, ತಬಲಾ ಜೋಡಿಯ ಡಗ್ಗ, ಸಿನಿಮಾ ಹಾಡಿನ ಬಾಸ್ ಗಿಟಾರ್ ಇವೆಲ್ಲ ಬಾಗಿಲಿನ ಸ್ಪೀಕರಿನಲ್ಲಿ ಬಡಕಲಾಗಿ ಕೇಳುವುದಕ್ಕೆ ಮುಖ್ಯ ಕಾರಣ ಇದೇ. ಎಷ್ಟೇ ದುಬಾರಿ ಸ್ಪೀಕರ್ ತಂದು ಹಾಕಿದರೂ ಈ ಸೋರಿಕೆ ತಾನಾಗಿ ಮುಚ್ಚುವುದಿಲ್ಲ.

ಆದ್ದರಿಂದ ಪ್ಯಾನೆಲ್‌ಗೆ ವಹಿಸಿರುವ ಕೆಲಸ ಮೂರು. ಮುಂದಿನ ಗಾಳಿಯನ್ನೂ ಹಿಂದಿನ ಗಾಳಿಯನ್ನೂ ಬೇರೆಬೇರೆಯಾಗಿ ಇಡಬೇಕು. ಕೋನ್ ಮಾತ್ರ ಅಲುಗುವಂತೆ ಮಾಡಿ, ತಾನು ಅಲುಗದೆ ನಿಲ್ಲಬೇಕು. ಬಿಸಿಲು, ನೀರು, ಬಾಗಿಲು ಬಡಿಯುವ ಪೆಟ್ಟು ಇವನ್ನು ವರ್ಷಗಟ್ಟಲೆ ತಾಳಬೇಕು. ನೋಟದ ಮಾತು ಬರುವುದು ಇವುಗಳ ನಂತರ. ಗ್ರಾಹಕರ ಕಣ್ಣು ಮೊದಲು ಬೀಳುವುದು ರೆಕ್ಸಿನ್ನಿನ ಹೊಳಪಿನ ಮೇಲೆ, ಹೊಲಿಗೆಯ ನೇರದ ಮೇಲೆ. ಬೇಡಿಕೆ ಕುದುರುವುದೂ ಅಲ್ಲೇ. ಹಾಗಿದ್ದರೂ ಕೆಲಸ ಒಳಗಿನಿಂದ ಹೊರಕ್ಕೆ ಸಾಗಬೇಕೇ ಹೊರತು ಹೊರಗಿನಿಂದ ಒಳಕ್ಕಲ್ಲ. ಒಳಮೈ ಕೆಟ್ಟಿರುವ ಪ್ಯಾನೆಲ್‌ಗೆ ಎಂಥ ಚೆಂದದ ಹೊದಿಕೆ ಹಾಕಿದರೂ ಅದು ಒಂದು ಮಳೆಗಾಲದ ಮಾತು.

ಕಾರಿನ ಬಾಗಿಲಿಗೆ ಎರಡು ತಗಡುಗಳಿರುತ್ತವೆ. ಹೊರಗಿನದು ಬಣ್ಣ ಬಳಿದದ್ದು. ಒಳಗಿನದರಲ್ಲಿ ದೊಡ್ಡ ದೊಡ್ಡ ಕಿಂಡಿಗಳು. ನಡುವೆ ಗಾಜು, ಗಾಜನ್ನು ಏರಿಳಿಸುವ ರೆಗ್ಯುಲೇಟರ್, ಲಾಕಿನ ಸರಳುಗಳು. ಒಳತಗಡಿನ ಕಿಂಡಿಗಳಿಗೆ ಕಾರ್ಖಾನೆಯಲ್ಲೇ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಅದರ ಮೇಲೆ ಟ್ರಿಮ್. ಮಳೆನೀರು ಗಾಜಿನ ಗುಂಟ ಬಾಗಿಲಿನೊಳಕ್ಕೆ ಇಳಿಯುವುದು ದೋಷವಲ್ಲ, ವಿನ್ಯಾಸವೇ ಹಾಗಿದೆ. ಇಳಿದ ನೀರು ಬಾಗಿಲಿನ ತಳದ ರಂಧ್ರಗಳಿಂದ ಹೊರಗೆ ಹೋಗುತ್ತದೆ. ಆ ಪ್ಲಾಸ್ಟಿಕ್ ಹಾಳೆ ಕ್ಯಾಬಿನ್ನಿಗೆ ನೀರು ಬಾರದಂತೆ ತಡೆಯುತ್ತದೆ. ಭಾರಿ ಮಳೆ ಸುರಿಯುವ ಕರಾವಳಿಯಲ್ಲಿ, ಮಲೆನಾಡಿನಲ್ಲಿ ಸ್ಪೀಕರಿನ ಬೆನ್ನು ನಾಲ್ಕು ತಿಂಗಳು ತೇವದಲ್ಲೇ ಇರುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಹರಿದು ಎಸೆದು, ತಳದ ರಂಧ್ರಗಳಿಗೆ ಡ್ಯಾಂಪಿಂಗ್ ಶೀಟ್ ಮೆತ್ತಿ ಕಳಿಸಿದ ಬಾಗಿಲು ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಮಾಲೀಕರಿಗೆ ಅದು ಗೊತ್ತಾಗುವಾಗ ಕೆಲಸ ಮಾಡಿದವರ ನೆನಪೂ ಮಾಸಿರುತ್ತದೆ.

ಗರಗಸ ಕೈಗೆತ್ತಿಕೊಳ್ಳುವ ಮೊದಲೇ ತೀರ್ಮಾನವಾಗಬೇಕಾದ ವಿಷಯ ಏರ್‌ಬ್ಯಾಗ್. ಇದರಲ್ಲಿ ರಾಜಿಗೆ ಜಾಗವಿಲ್ಲ. ಕರ್ಟನ್ ಏರ್‌ಬ್ಯಾಗ್ ಮೇಲ್ಛಾವಣಿಯ ಅಂಚಿನಲ್ಲಿ ಮಡಿಸಿಕೊಂಡಿರುತ್ತದೆ. ಮುಂದಿನ ಗಾಜಿನ ಪಕ್ಕದ ಕಂಬದ, ಅಂದರೆ ಎ-ಪಿಲ್ಲರಿನ, ಪ್ಲಾಸ್ಟಿಕ್ ಹೊದಿಕೆ ಅದು ಬಿಚ್ಚಿಕೊಳ್ಳುವ ದಾರಿಯಲ್ಲಿದೆ. ಅಂಥ ಕಾರಿನ ಎ-ಪಿಲ್ಲರಿಗೆ ಫೈಬರ್ ಮೆತ್ತಿ ಟ್ವೀಟರ್ ಗೂಡು ಕಟ್ಟಿದರೆ, ಅಪಘಾತದ ಕ್ಷಣದಲ್ಲಿ ಆ ಗೂಡು ಏರ್‌ಬ್ಯಾಗನ್ನು ತಡೆಯಬಹುದು, ಇಲ್ಲವೇ ಕಿತ್ತು ಬಂದು ಮುಖಕ್ಕೆ ಬಡಿಯಬಹುದು. ಇನ್ನು ಕೆಲವು ಕಾರುಗಳಲ್ಲಿ ಪಕ್ಕದಿಂದ ಬೀಳುವ ಪೆಟ್ಟನ್ನು ಗುರುತಿಸುವ ಸೆನ್ಸರ್ ಬಾಗಿಲಿನ ಒಳಗೇ ಇದ್ದು, ಬಾಗಿಲಿನ ಟೊಳ್ಳಿನಲ್ಲಿ ಗಾಳಿಯ ಒತ್ತಡ ತಟ್ಟನೆ ಏರುವುದನ್ನು ಅಳೆಯುತ್ತದೆ. ಅಂಥ ಬಾಗಿಲಿನ ಒಳತಗಡಿನಲ್ಲಿ ಹೊಸ ಕಿಂಡಿ ಕೊರೆಯುವುದೂ ಸೆನ್ಸರಿನ ಬಾಯಿ ಮುಚ್ಚುವುದೂ ಪ್ರಾಣದ ಜೊತೆಗಿನ ಆಟ. ಇಂಥ ಕಡೆ ಗ್ರಾಹಕರು ಎಷ್ಟೇ ಒತ್ತಾಯಿಸಿದರೂ ಕೆಲಸ ಒಪ್ಪಿಕೊಳ್ಳದಿರುವುದೇ ಸರಿ.

ಸ್ಪೀಕರ್ ಎಲ್ಲಿರಬೇಕು, ಎತ್ತ ನೋಡಬೇಕು ಎಂಬುದು ಮುಂದಿನ ಪ್ರಶ್ನೆ. ನಮ್ಮ ಬಲಚಾಲನೆಯ ಕಾರಿನಲ್ಲಿ ಚಾಲಕರಿಗೆ ಬಲಬಾಗಿಲಿನ ಸ್ಪೀಕರ್ ಹತ್ತಿರ, ಎಡಬಾಗಿಲಿನದು ದೂರ. ವ್ಯತ್ಯಾಸ ಅರ್ಧ ಮೀಟರ್ ಇದ್ದರೆ ಎಡಗಡೆಯ ಸದ್ದು ಸುಮಾರು ಒಂದೂವರೆ ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬರುತ್ತದೆ. ಅಷ್ಟೇ ಸಾಕು, ಗಾಯಕರು ಡ್ಯಾಶ್‌ಬೋರ್ಡಿನ ನಡುವೆ ನಿಂತು ಹಾಡುವ ಬದಲು ಬಲಬಾಗಿಲಿಗೆ ಒರಗಿ ಹಾಡುವಂತೆ ಭಾಸವಾಗುತ್ತದೆ. ಸ್ಪೀಕರನ್ನು ಕಾಲಿನ ಬದಿಯ ಮೂಲೆಗೆ ಸರಿಸಿದಷ್ಟೂ ಈ ವ್ಯತ್ಯಾಸ ಕುಗ್ಗುತ್ತದೆ. ಆದರೆ ಬಲಮೂಲೆಯ ಪಕ್ಕದಲ್ಲೇ ಆಕ್ಸಿಲರೇಟರ್ ಪೆಡಲ್ ಇದೆ. ಅಗಲವಾದ ಶೂ ತೊಟ್ಟ ಕಾಲು ಬ್ರೇಕಿಗೂ ಆಕ್ಸಿಲರೇಟರಿಗೂ ಓಡಾಡುವಾಗ ಸ್ಪೀಕರಿನ ಗೂಡಿಗೆ ಒಂದಿಷ್ಟೂ ತಾಗಬಾರದು. ತಾಗುವ ಸಂಭವವಿದ್ದರೆ ಬಾಗಿಲಿನ ಜಾಗವೇ ಮೇಲು, ಉಳಿದ ವ್ಯತ್ಯಾಸವನ್ನು ಡಿಎಸ್‌ಪಿ ಇರುವ ಆಂಪ್ಲಿಫೈಯರ್ ಸರಿದೂಗಿಸುತ್ತದೆ.

ಕೋನಕ್ಕೂ ಒಂದು ಲೆಕ್ಕವಿದೆ. ಆರೂವರೆ ಇಂಚಿನ ಸ್ಪೀಕರಿನ ಕೋನ್ ಸುಮಾರು 13 ಸೆಂಟಿಮೀಟರ್ ಅಗಲ. ಸ್ವರ 2,500 ಹರ್ಟ್ಸ್ ಸಮೀಪಿಸುವಾಗ ಅಲೆಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಅಲ್ಲಿಂದ ಮೇಲೆ ಸದ್ದು ನಾಲ್ಕೂ ದಿಕ್ಕಿಗೆ ಹರಡದೆ ನೇರ ಎದುರಿಗೆ ಸಾಗುತ್ತದೆ. ಹಾಡಿನ ಸಾಹಿತ್ಯದ ಸ್ಪಷ್ಟತೆ ಇರುವುದು ಈ ವಲಯದಲ್ಲೇ. ಮೊಣಕಾಲಿಗೆ ಮುಖ ಮಾಡಿ ಕೂತ ಸ್ಪೀಕರಿನಲ್ಲಿ ಮಾತು ಮಂಕಾಗುವುದು ಇದೇ ಕಾರಣಕ್ಕೆ. ಸ್ಪೀಕರ್ ಕೂರುವ ರಿಂಗನ್ನು ತುಸು ಮೇಲಕ್ಕೆ, ತುಸು ಒಳಕ್ಕೆ ವಾಲಿಸಬೇಕು. ಎರಡೂ ಕಡೆಯ ಸ್ಪೀಕರುಗಳ ದೃಷ್ಟಿ ಮುಂದಿನ ಎರಡು ಸೀಟುಗಳ ನಡುವೆ ಎಲ್ಲೋ ಒಂದೆಡೆ ಸೇರುವಂತೆ ಇಟ್ಟು ಕೇಳಿ ನೋಡಬೇಕು. ತಾತ್ಕಾಲಿಕವಾಗಿ ಬಟ್ಟೆಯ ಮೇಲೆ ಆನಿಸಿಟ್ಟು, ಪರಿಚಿತ ಹಾಡೊಂದನ್ನು ಹಾಕಿ, ಕೋನ ಬದಲಿಸುತ್ತಾ ಕೇಳುವ ಅರ್ಧ ಗಂಟೆ ಎಂದೂ ದಂಡವಲ್ಲ.

ಬಾಗಿಲಿನ ಟೊಳ್ಳನ್ನು ಬಳಸದೆ ಪ್ರತ್ಯೇಕ ಮುಚ್ಚಿದ ಗೂಡು ಕಟ್ಟುವವರು ಅದರ ಗಾತ್ರ ಲೆಕ್ಕ ಹಾಕಲೇಬೇಕು. ಈ ಲೆಕ್ಕಕ್ಕೆ ಬೇಕಾದ ಅಳತೆಗಳು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಅವರ ಹೆಸರಿನಲ್ಲಿವೆ, ಒಳ್ಳೆಯ ಸ್ಪೀಕರಿನ ಜೊತೆ ಬರುವ ಕಾಗದದಲ್ಲಿ ಅಚ್ಚಾಗಿರುತ್ತವೆ. ಒಂದು ಸ್ಪೀಕರಿನ ಅನುರಣನ 60 ಹರ್ಟ್ಸ್, ಕ್ಯೂಟಿಎಸ್ (ಅನುರಣನ ಎಷ್ಟು ಹರಿತ ಎಂಬ ಅಳತೆ) 0.5, ವಿಎಎಸ್ (ಕೋನಿನ ಸಡಿಲತೆಗೆ ಸಮನಾದ ಗಾಳಿಯ ಗಾತ್ರ) 10 ಲೀಟರ್ ಎಂದಿಟ್ಟುಕೊಂಡರೆ, 10 ಲೀಟರ್ ಗೂಡಿನಲ್ಲಿ ಅದರ ಕ್ಯೂ 0.7ಕ್ಕೂ ಅನುರಣನ 85 ಹರ್ಟ್ಸ್‌ಗೂ ಏರುತ್ತದೆ; ಇದು ಹದವಾದ ದನಿ. ಅದೇ ಸ್ಪೀಕರನ್ನು 2 ಲೀಟರಿನ ಪುಟ್ಟ ಗೂಡಿಗೆ ತುರುಕಿದರೆ ಕ್ಯೂ 1.2 ದಾಟುತ್ತದೆ, ಅನುರಣನ 147 ಹರ್ಟ್ಸ್‌ಗೆ ಜಿಗಿಯುತ್ತದೆ. ಮೃದಂಗದ ಬದಲು ಡಬ್ಬ ಬಡಿದಂಥ ಸದ್ದು ಕೇಳುವುದು ಆಗಲೇ. ಜಾಗವಿಲ್ಲದಿದ್ದರೆ ಗೂಡಿನ ಹಿಂಬದಿಯನ್ನು ಬಾಗಿಲಿನ ಟೊಳ್ಳಿಗೆ ತೆರೆದಿಡುವುದು ಸರಿಯಾದ ದಾರಿ.

ಅಳತೆ ತೆಗೆಯುವಾಗ ಗಾಜನ್ನು ಪೂರ್ತಿ ಇಳಿಸಿರಬೇಕು. ಮ್ಯಾಗ್ನೆಟ್ಟಿನ ಬೆನ್ನಿಗೂ ಗಾಜಿಗೂ ನಡುವೆ ಕನಿಷ್ಠ ಐದಾರು ಮಿಲಿಮೀಟರ್ ಉಳಿಯಬೇಕು, ಏಕೆಂದರೆ ಓಡುವ ಕಾರಿನಲ್ಲಿ ಗಾಜು ಅದುರುತ್ತದೆ. ಗಾಜು ಎತ್ತಿಟ್ಟು ಅಳೆದು, ಸ್ಪೀಕರ್ ಕೂರಿಸಿ, ಗ್ರಾಹಕರು ಟೋಲ್ ಗೇಟಿನಲ್ಲಿ ಗಾಜು ಇಳಿಸಿದಾಗ ಕಟಕ್ಕೆಂದ ಪ್ರಸಂಗಗಳು ಈ ಕಸುಬಿನಲ್ಲಿ ಅಪರೂಪವಲ್ಲ. ಬಾಗಿಲು ಮುಚ್ಚಿದಾಗ ಗೂಡು ಸೀಟಿಗೂ ಡ್ಯಾಶ್‌ಬೋರ್ಡಿಗೂ ತಾಗುವುದೇ ಎಂಬುದನ್ನು ರಟ್ಟಿನ ಮಾದರಿ ಮಾಡಿ ಪರೀಕ್ಷಿಸುವುದು ಸುಲಭ.

ಸ್ಪೀಕರ್ ಕೂರುವ ರಿಂಗಿಗೆ ಯಾವ ವಸ್ತು ಎಂಬ ಪ್ರಶ್ನೆಗೆ ಅಂಗಡಿಗಳಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಎಂಡಿಎಫ್. ಕೊರೆಯಲು ಸಲೀಸು, ಅಂಚು ನುಣುಪು, ಬೆಲೆ ಕಡಿಮೆ. ಮನೆಯ ಸ್ಪೀಕರ್ ಪೆಟ್ಟಿಗೆಗೆ ಅದು ಒಳ್ಳೆಯ ವಸ್ತುವೇ. ಬಾಗಿಲಿನೊಳಗೆ ಮಾತ್ರ ಅದು ತಕ್ಕುದಲ್ಲ: ನೀರು ಕುಡಿದು ಉಬ್ಬುತ್ತದೆ, ಉಬ್ಬಿದ ಮೇಲೆ ಸ್ಕ್ರೂ ಹಿಡಿಯುವುದಿಲ್ಲ, ಒಣಗಿದರೂ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ ಹೆಚ್ಚು ಭರವಸೆಯದು. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್ಡಿನ ಮಾನದಂಡ, ಎರಡನ್ನೂ ಒಂದೇ ಎಂದು ಮಾರಿದರೆ ಒಪ್ಪಬೇಕಾಗಿಲ್ಲ. ನೀರಿನ ಗೊಡವೆಯೇ ಬೇಡವೆಂದರೆ ಎಚ್‌ಡಿಪಿಇ ಹಲಗೆ ಇದೆ. ಅದಕ್ಕೆ ಯಾವ ಅಂಟೂ ಸರಿಯಾಗಿ ಹಿಡಿಯದ ಕಾರಣ ಬೋಲ್ಟಿನಿಂದಲೇ ಬಿಗಿಯಬೇಕು, ಫೈಬರಿನ ಜೊತೆ ಬೆಸೆಯಲು ಬಾರದು. ಪ್ಲೈವುಡ್ ಆಯ್ದುಕೊಂಡರೆ ಕೊರೆದ ಅಂಚುಗಳಿಗೂ ಸ್ಕ್ರೂ ತೂತುಗಳಿಗೂ ರೆಸಿನ್ ಬಳಿದು ಮುಚ್ಚುವುದನ್ನು ಮರೆಯಬಾರದು. ನೀರು ಹೊಗುವುದು ಮುಖದಿಂದಲ್ಲ, ಅಂಚಿನಿಂದ.

ರಿಂಗ್ ಕೊರೆಯಲು ರೂಟರ್ ಯಂತ್ರ ಮತ್ತು ವೃತ್ತದ ಜಿಗ್ ಇದ್ದರೆ ದುಂಡು ದುಂಡಾಗಿಯೇ ಬರುತ್ತದೆ. 18 ಮಿಲಿಮೀಟರ್ ದಪ್ಪ ಸಾಕಷ್ಟು ಬಿಗಿ. ದಪ್ಪ ರಿಂಗಿನ ಹಿಂಬದಿಯ ಒಳ ಅಂಚನ್ನು 45 ಡಿಗ್ರಿ ಓರೆಯಾಗಿ ಕೆತ್ತಬೇಕು. ಇಲ್ಲವಾದರೆ ಕೋನಿನ ಬೆನ್ನ ಗಾಳಿ ಕೊಳವೆಯೊಳಗೆ ಸಿಕ್ಕಿಕೊಂಡಂತಾಗಿ ನಡು ಸ್ವರಗಳು ಕೆಡುತ್ತವೆ. ಸ್ಪೀಕರನ್ನು ಮರದ ಸ್ಕ್ರೂ ಹೊಡೆದು ಕೂರಿಸುವ ಬದಲು ಹಿಂಬದಿಯಿಂದ ಟಿ-ನಟ್ ಹಾಕಿ ಸ್ಟೇನ್‌ಲೆಸ್ ಬೋಲ್ಟಿನಿಂದ ಬಿಗಿದರೆ, ನಾಲ್ಕು ಸಲ ಬಿಚ್ಚಿ ಹಾಕಿದರೂ ಹಿಡಿತ ಸಡಿಲವಾಗುವುದಿಲ್ಲ.

ಟ್ರಿಮ್ಮಿನ ಬಾಗುಗಳಿಗೆ ಸರಿಯಾಗಿ ಕೂರುವ ಗೂಡಿಗೆ ಫೈಬರ್ ಕೆಲಸವೇ ಬೇಕು. ಟ್ರಿಮ್ಮಿಗೆ ಮಾಸ್ಕಿಂಗ್ ಟೇಪನ್ನು ಎರಡು ಪದರ ಸುತ್ತಿ, ಮೇಲೆ ಅಲ್ಯೂಮಿನಿಯಂ ಹಾಳೆ ಹಾಸಿ, ವ್ಯಾಕ್ಸ್ ಸವರಿ, ಅದರ ಮೇಲೆ ಫೈಬರ್ ಮ್ಯಾಟ್ ಮತ್ತು ರೆಸಿನ್ ಎಳೆದರೆ ಬಾಗಿಲಿನ ಆಕಾರದ ತಳ ಸಿದ್ಧ. ತಳದ ಮೇಲೆ ಮರದ ಕಡ್ಡಿಗಳನ್ನು ಅಂಟಿಸಿ ರಿಂಗನ್ನು ನಿಶ್ಚಯಿಸಿದ ಕೋನದಲ್ಲಿ ನಿಲ್ಲಿಸಬೇಕು. ಎಡಬಲಗಳ ಕೋನ ಒಂದೇ ಇರುವಂತೆ ರಟ್ಟಿನ ಅಳತೆಪಟ್ಟಿ ಕತ್ತರಿಸಿಟ್ಟುಕೊಳ್ಳುವುದು ಒಳ್ಳೆಯದು. ಆಮೇಲೆ ಎಳೆದರೆ ಹಿಗ್ಗುವ ಫ್ಲೀಸ್ ಅಥವಾ ಬನಿಯನ್ ಬಟ್ಟೆಯನ್ನು ರಿಂಗಿನಿಂದ ತಳದವರೆಗೆ ಬಿಗಿಯಾಗಿ ಎಳೆದು ಸ್ಟೇಪಲ್ ಹೊಡೆಯುವುದು. ಎಳೆತ ಸಮನಾಗಿದ್ದರೆ ಬಟ್ಟೆಯೇ ಸುಂದರವಾದ ಬಾಗನ್ನು ಹುಡುಕಿಕೊಳ್ಳುತ್ತದೆ. ಕೈಯಿಂದ ಕೆತ್ತಿ ಅಂಥ ಬಾಗು ತರುವುದು ಕಷ್ಟ. ಸುಕ್ಕು ಕಂಡರೆ ಆಗಲೇ ಬಿಚ್ಚಿ ಮತ್ತೆ ಎಳೆಯಬೇಕು. ರೆಸಿನ್ ಕುಡಿದ ಸುಕ್ಕು ಕಲ್ಲಾಗುತ್ತದೆ.

ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವುದು ಎರಡು ಪದಾರ್ಥಗಳ ನೆರವಿನಿಂದ: ಕೋಬಾಲ್ಟ್ ಇರುವ ಆಕ್ಸಿಲರೇಟರ್, ಎಂಇಕೆಪಿ ಎಂಬ ಹಾರ್ಡ್ನರ್. ಇವೆರಡನ್ನು ಯಾವ ಕಾರಣಕ್ಕೂ ನೇರವಾಗಿ ಬೆರೆಸಬಾರದು. ಬೆರೆಸಿದರೆ ಉರಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಆಕ್ಸಿಲರೇಟರನ್ನು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿದ ನಂತರವೇ ಹಾರ್ಡ್ನರ್ ಹಾಕಬೇಕು, ಎರಡರ ಬಾಟಲಿಗಳನ್ನೂ ಬೇರೆಬೇರೆ ಕಡೆ ಇಡಬೇಕು. ಆಕ್ಸಿಲರೇಟರ್ ಮೊದಲೇ ಬೆರೆತಿರುವ ರೆಸಿನ್ ಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ. ಹಾರ್ಡ್ನರಿನ ಪ್ರಮಾಣ ರೆಸಿನ್ ತೂಕದ ಶೇಕಡಾ 1ರಿಂದ 2. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಶೇಕಡಾ 1 ಸಾಕು, ಮಡಿಕೇರಿಯ ಜುಲೈನಲ್ಲಿ 2ರ ಹತ್ತಿರ ಬೇಕಾದೀತು. ಅಂದಾಜಿಗೆ ಸುರಿಯುವ ಬದಲು ಪುಟ್ಟ ತಕ್ಕಡಿ ಇಟ್ಟುಕೊಂಡರೆ ಪ್ರತಿ ಸಲವೂ ಒಂದೇ ಹದ ಸಿಗುತ್ತದೆ. ಕಲಸಿದ ರೆಸಿನ್ ಲೋಟದಲ್ಲೇ ಉಳಿದರೆ ತನ್ನ ಶಾಖದಿಂದ ತಾನೇ ಹೊಗೆಯಾಡುತ್ತದೆ. ಉಳಿದದ್ದನ್ನು ಅಗಲವಾದ ತಟ್ಟೆಗೆ ಹರವಿ ಬಯಲಿನಲ್ಲಿಡಬೇಕು.

ರೆಸಿನ್ ಬಳಿದ ಬಟ್ಟೆ ಗಟ್ಟಿಯಾದ ಮೇಲೆ ಅದರ ಒಳಮೈಗೆ ಮ್ಯಾಟ್ ಹಚ್ಚುವುದು ನಿಜವಾದ ಬಲ ಕೊಡುವ ಹಂತ. ಬಹಳಷ್ಟು ಗೂಡುಗಳು ಸೋಲುವುದು ಇಲ್ಲಿಯೇ. ಬಟ್ಟೆ, ಒಂದು ಪದರ ರೆಸಿನ್, ಮೇಲೆ ದಪ್ಪ ಪುಟ್ಟಿ: ಹೊರಗಿನಿಂದ ಇದೂ ಗಟ್ಟಿಯಾಗಿಯೇ ಕಾಣುತ್ತದೆ, ಆರು ತಿಂಗಳು ಬಾಗಿಲು ಬಡಿದ ಮೇಲೆ ಬಿರುಕು ಬಿಡುತ್ತದೆ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟನ್ನು ಎರಡು ಮೂರು ಪದರ ಹಾಕಬೇಕು. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಹಿಡಿಯುತ್ತದೆ. ಹೆಚ್ಚು ಸುರಿದರೆ ಬಲ ಹೆಚ್ಚುವುದಿಲ್ಲ, ಪೆಡಸುತನ ಹೆಚ್ಚುತ್ತದೆ. ಬ್ರಷ್ಷಿನಿಂದ ಕುಟ್ಟಿ, ರೋಲರಿನಿಂದ ಉರುಳಿಸಿ ಗಾಳಿಯ ಗುಳ್ಳೆಗಳನ್ನು ಹೊರಹಾಕಬೇಕು. ಬಿಳಿ ಚುಕ್ಕೆ ಕಂಡಲ್ಲೆಲ್ಲ ಗಾಳಿ ಇದೆ ಎಂದರ್ಥ. ಎಪಾಕ್ಸಿ ಬಳಸುವವರು ಮ್ಯಾಟಿನ ಬದಲು ನೇಯ್ದ ಫೈಬರ್ ಬಟ್ಟೆ ತರಬೇಕು: ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟಿರುವ ಬೈಂಡರ್ ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ.

ಸ್ಟೈರೀನಿನ ಘಾಟು ತಲೆನೋವು ತರುತ್ತದೆ, ನರಗಳ ಮೇಲೂ ಕೆಲಸ ಮಾಡುತ್ತದೆ. ಕರವಸ್ತ್ರವಾಗಲಿ ಧೂಳಿನ ಮಾಸ್ಕಾಗಲಿ ಆವಿಯನ್ನು ತಡೆಯಲಾರವು. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮುಖವಾಡವೇ ಬೇಕು. ಉಜ್ಜುವಾಗ ಏಳುವ ಫೈಬರ್ ಧೂಳಿಗೂ ಎಂಡಿಎಫ್ ಧೂಳಿಗೂ ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ, ತುಂಬುತೋಳಿನ ಅಂಗಿ. ಎಂಇಕೆಪಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗುವ ಅಪಾಯವಿದೆ: ಕೂಡಲೇ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಬೇಕು. ಅಂಗಡಿಗೆ ಕೆಲಸ ಕಲಿಯಲು ಬರುವ ಹುಡುಗರಿಗೆ ಉಪ್ಪುಕಾಗದ ಕೊಡುವ ಮೊದಲು ಮಾಸ್ಕ್ ಕೊಡುವುದು ಮಾಲೀಕರ ಹೊಣೆ. ಇದನ್ನು ಖರ್ಚಿನ ಬಾಬತ್ತಿಗೆ ಸೇರಿಸಿ ಮುಂದೂಡುವಂತಿಲ್ಲ.

ಪುಟ್ಟಿಯ ಕೆಲಸ ತಗ್ಗು ತುಂಬುವುದಷ್ಟೇ, ಆಕಾರ ಕೊಡುವುದಲ್ಲ. ತೆಳುವಾಗಿ ಎರಡು ಮೂರು ಸಲ ಎಳೆದು, ಪ್ರತಿ ಸಲವೂ ಮರದ ತುಂಡಿಗೆ ಸುತ್ತಿದ ಉಪ್ಪುಕಾಗದದಿಂದ ಉಜ್ಜಬೇಕು: 80, ನಂತರ 120, 180. ಬರಿ ಬೆರಳಿನಿಂದ ಉಜ್ಜಿದರೆ ಬೆರಳಿನ ತಗ್ಗುಗಳೇ ಮೇಲ್ಮೈಯಲ್ಲಿ ಮೂಡುತ್ತವೆ. ನಡುವೆ ಕಪ್ಪು ಪೇಂಟನ್ನು ಮಂಜಿನಂತೆ ತೆಳುವಾಗಿ ಸಿಂಪಡಿಸಿ ಉಜ್ಜಿದರೆ, ಕಪ್ಪು ಉಳಿದಲ್ಲಿ ತಗ್ಗು, ಬೇಗ ಹೋದಲ್ಲಿ ಉಬ್ಬು ಎಂದು ತಾನೇ ತೋರಿಸುತ್ತದೆ. ರೆಕ್ಸಿನ್ ಹೊದಿಸುವುದಾದರೆ 180ಕ್ಕೆ ನಿಲ್ಲಿಸಬಹುದು. ಪೇಂಟ್ ಮಾಡುವುದಾದರೆ ಪ್ರೈಮರ್ ಹೊಡೆದು 320, 400ರ ವಾಟರ್ ಪೇಪರಿನವರೆಗೆ ಸಾಗಬೇಕು, ಏಕೆಂದರೆ ಹೊಳಪು ಹೆಚ್ಚಿದಷ್ಟೂ ತಪ್ಪು ಎದ್ದು ಕಾಣುತ್ತದೆ. ಕಾರಿನೊಳಗೆ ಪೂರ್ತಿ ಹೊಳೆಯುವ ಪೇಂಟಿಗಿಂತ ಮಂದ ಕಪ್ಪು ಅಥವಾ ಟ್ರಿಮ್ಮಿನದೇ ಬಣ್ಣ ಹೊಂದುತ್ತದೆ; ಗಾಜಿನಲ್ಲಿ ಪ್ರತಿಫಲಿಸಿ ಚಾಲಕರ ಕಣ್ಣಿಗೆ ಹೊಡೆಯುವುದಿಲ್ಲ.

ರೆಕ್ಸಿನ್ ಹೊದಿಸುವ ಕೈಚಳಕದಲ್ಲಿ ನಮ್ಮ ಊರುಗಳ ಸೀಟ್ ಕೆಲಸದವರು ಯಾರಿಗೂ ಕಡಿಮೆಯಿಲ್ಲ. ಆಟೋ ಸೀಟಿನಿಂದ ಟೂರಿಸ್ಟ್ ಬಸ್ಸಿನವರೆಗೆ ಪಳಗಿದ ಆ ಕೈಗಳಿಗೆ ಸ್ಪೀಕರ್ ಗೂಡಿನಲ್ಲಿ ಹೊಸದಾಗಿ ಎದುರಾಗುವುದು ಒಳಬಾಗು. ಹೊರಬಾಗಿನ ಮೇಲೆ ರೆಕ್ಸಿನ್ ತಾನೇ ಒತ್ತಿಕೊಳ್ಳುತ್ತದೆ. ಒಳಬಾಗಿನಲ್ಲಿ ಎಳೆತವೇ ಅದನ್ನು ಮೇಲೆತ್ತುತ್ತದೆ, ಮೊದಲ ಬೇಸಿಗೆಯಲ್ಲೇ ಅಲ್ಲಿ ಗುಳ್ಳೆ ಏಳುತ್ತದೆ. ಅದಕ್ಕೆ ನಾಲ್ಕೂ ಕಡೆ ಹಿಗ್ಗುವ ರೆಕ್ಸಿನ್ ಬೇಕು, ಒಳಬಾಗಿನಿಂದಲೇ ಅಂಟಿಸಲು ಆರಂಭಿಸಿ ಹೊರಕ್ಕೆ ಸಾಗಬೇಕು. ಕಾಂಟ್ಯಾಕ್ಟ್ ಅಂಟನ್ನು ಎರಡೂ ಮೈಗೆ ತೆಳುವಾಗಿ ಬಳಿದು, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಸೇರಿಸಬೇಕು. ಹಸಿಯಾಗಿರುವಾಗಲೇ ಸೇರಿಸಿದರೆ ದ್ರಾವಕ ಒಳಗೇ ಉಳಿದು ಆಮೇಲೆ ಅಂಟನ್ನು ಬಿಡಿಸುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು, ಆದ್ದರಿಂದ ಶಾಖ ತಡೆಯುವ ಅಂಟನ್ನೇ ಕೇಳಿ ತರಬೇಕು. ಹೀಟ್ ಗನ್ ಬಳಸಿ ಅತಿಯಾಗಿ ಎಳೆದ ರೆಕ್ಸಿನ್ ಮುಂದೆ ಅದೇ ಶಾಖಕ್ಕೆ ಹಿಂದಕ್ಕೆ ಕುಗ್ಗುತ್ತದೆ. ಎರಡು ಭಾಗಗಳು ಕೂಡುವ ಕಡೆ ರೆಕ್ಸಿನ್ನಿನ ದಪ್ಪಕ್ಕೆ ಜಾಗ ಬಿಟ್ಟಿರಬೇಕು: ಒಂದೊಂದು ಬದಿ ಒಂದು ಮಿಲಿಮೀಟರ್ ಎಂದರೂ ಸಂದು ಎರಡು ಮಿಲಿಮೀಟರ್ ಆಗುತ್ತದೆ. ಇದನ್ನು ಫೈಬರ್ ಹಂತದಲ್ಲೇ ಯೋಚಿಸದಿದ್ದರೆ ಕೊನೆಗೆ ಪ್ಯಾನೆಲ್ ಕೂರುವುದೇ ಇಲ್ಲ.

ಸ್ಪೀಕರಿನ ಮುಂದಿನ ಜಾಲರಿಗೆ ತೂತು ಹೆಚ್ಚಿರುವ ತಗಡು, ಅಥವಾ ಊದಿದರೆ ಗಾಳಿ ಸರಾಗವಾಗಿ ಹಾಯುವ ಬಟ್ಟೆ ಹೊಂದುತ್ತದೆ. ಕೋನ್ ಪೂರ್ತಿ ಮುಂದೆ ಬಂದಾಗಲೂ ಜಾಲರಿಗೆ ತಾಗಬಾರದು.

ಜೋಡಿಸುವ ಮುನ್ನ ಬಾಗಿಲಿನ ತಗಡನ್ನು ಸ್ಪಿರಿಟ್ ಹಾಕಿ ಒರೆಸಿ ಬ್ಯುಟೈಲ್ ಶೀಟ್ ಅಂಟಿಸಿ ರೋಲರಿನಿಂದ ಒತ್ತಬೇಕು. ಹೊರತಗಡಿನ ಕಂಪನ ತಗ್ಗಿಸಲು ಅದರ ಮೈಯ ಕಾಲುಭಾಗದಿಂದ ಅರ್ಧದಷ್ಟು ಮುಚ್ಚಿದರೆ ಸಾಕು. ಅದಕ್ಕಿಂತ ಹೆಚ್ಚು ಹಚ್ಚಿ ಬಾಗಿಲಿನ ಹಿಂಜಿಗೆ ಭಾರ ಹೊರಿಸಬೇಕಾಗಿಲ್ಲ. ಡಾಂಬರಿನ ಅಗ್ಗದ ಶೀಟು ಬೇಸಿಗೆಯಲ್ಲಿ ಕರಗಿ ಇಳಿಯುತ್ತದೆ. ಒತ್ತಡದ ಸೆನ್ಸರ್ ಇಲ್ಲದ ಬಾಗಿಲಿನಲ್ಲಿ ಒಳತಗಡಿನ ಕಿಂಡಿಗಳನ್ನು ಬಿಗಿಯಾಗಿ ಮುಚ್ಚಬೇಕು, ತಳದ ರಂಧ್ರಗಳನ್ನು ತೆರೆದೇ ಬಿಡಬೇಕು. ರಿಂಗ್ ಮತ್ತು ತಗಡಿನ ನಡುವೆ, ಸ್ಪೀಕರ್ ಮತ್ತು ರಿಂಗಿನ ನಡುವೆ ಫೋಮ್ ಗ್ಯಾಸ್ಕೆಟ್. ಗೂಡಿನ ಭಾರ ಟ್ರಿಮ್ಮಿನ ಪ್ಲಾಸ್ಟಿಕ್ ಕ್ಲಿಪ್ಪುಗಳ ಮೇಲೆ ಬೀಳದೆ, ಒಳತಗಡಿಗೇ ಬೋಲ್ಟಿನ ಮೂಲಕ ವರ್ಗವಾಗಬೇಕು. ವೈರ್ ಬಾಗಿಲಿನ ರಬ್ಬರ್ ಬೂಟಿನೊಳಗಿಂದ ಸಾಗಲಿ, ಗಾಜಿನ ದಾರಿಯಿಂದ ದೂರವಿರಲಿ.

ಪರೀಕ್ಷೆ ಸರಳ. 1.5 ವೋಲ್ಟ್ ಸೆಲ್ಲಿನ ಪ್ಲಸ್ ತುದಿಯನ್ನು ಸ್ಪೀಕರಿನ ಪ್ಲಸ್ಸಿಗೆ ತಾಗಿಸಿದರೆ ಕೋನ್ ಹೊರಕ್ಕೆ ಜಿಗಿಯಬೇಕು. ಒಂದು ಬದಿ ಒಳಕ್ಕೆ ಜಿಗಿದರೆ ಎರಡು ಬಾಗಿಲುಗಳು ಪರಸ್ಪರ ಬಾಸನ್ನು ಅಳಿಸುತ್ತವೆ. ಬಳಿಕ 20ರಿಂದ 200 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸ್ವರವೊಂದನ್ನು ಮಧ್ಯಮ ಸದ್ದಿನಲ್ಲಿ ಹಾಕಿ, ಗುಂಯ್‌ಗುಡುವ ಜಾಗವನ್ನು ಅಂಗೈಯಿಂದ ಒತ್ತುತ್ತಾ ಹುಡುಕಬೇಕು. ಒತ್ತಿದಾಗ ಸದ್ದು ನಿಂತ ಕಡೆ ಕ್ಲಿಪ್ಪೋ ಲಾಕಿನ ಸರಳೋ ವೈರೋ ಸಡಿಲವಿರುತ್ತದೆ. ಗಾಜು ಇಳಿಸಿ, ಏರಿಸಿ, ಬಾಗಿಲನ್ನು ಜೋರಾಗಿ ಬಡಿದು ಇದನ್ನೇ ಮತ್ತೊಮ್ಮೆ ಮಾಡಬೇಕು. ಕೊನೆಗೆ ಗಾಜಿನ ಮೇಲೆ ನೀರು ಹಾಯಿಸಿ, ತಳದ ರಂಧ್ರಗಳಿಂದ ಅದು ಹರಿದು ಹೋಗುವುದನ್ನೂ ಟ್ರಿಮ್ಮಿನ ಒಳಬದಿ ಒಣಗಿರುವುದನ್ನೂ ನೋಡಬೇಕು.

ಕಾರು ಒಪ್ಪಿಸುವಾಗ ಬಿಚ್ಚಿದ ಮೂಲ ಬಿಡಿಭಾಗಗಳನ್ನೆಲ್ಲ ಮಾಲೀಕರಿಗೇ ಕೊಡಬೇಕು; ಕಾರು ಮಾರುವಾಗ ಅವು ಬೇಕಾಗುತ್ತವೆ. ರಿಂಗಿನ ಅಳತೆ, ಬೋಲ್ಟಿನ ಗಾತ್ರ, ರೆಕ್ಸಿನ್ನಿನ ಬಣ್ಣದ ಸಂಖ್ಯೆ ಇವನ್ನು ಬಿಲ್ಲಿನ ಹಿಂದೆ ಬರೆದುಕೊಟ್ಟರೆ ಮುಂದೆ ಬೇರೆ ಯಾರೇ ಬಿಚ್ಚಿದರೂ ಕೆಲಸ ಸಲೀಸು. ಒಂದು ತಿಂಗಳು ಬಿಸಿಲು ಕಂಡ ಮೇಲೆ ಬೋಲ್ಟುಗಳು ಒಂದಿಷ್ಟು ಸಡಿಲವಾಗುತ್ತವೆ, ಒಳಬಾಗುಗಳಲ್ಲಿ ರೆಕ್ಸಿನ್ ಏಳುವುದಿದ್ದರೆ ಆ ಹೊತ್ತಿಗೆ ಏಳುತ್ತದೆ. ಆಗ ಒಮ್ಮೆ ಕಾರನ್ನು ಕರೆಸಿ, ಬಿಗಿದು, ಅಂಚುಗಳನ್ನು ನೋಡಿ ಕಳಿಸಬೇಕು.